ಕಿಟಕಿಯ ಮೇಲಣ ಗೂಡು: ಪ್ರಾಣಿವರ್ತನೆಯ ಕೆಲವು ಮೊದಲ ಪಾಠಗಳು

ರಾಜಾಜಿನಗರದಲ್ಲಿ ನಾವು ಬಾಡಿಗೆಗಿರುವ ಮನೆಗೆ ಹಿತ್ತಲ ಕಡೆ ಒಂದು ಕಿಟಕಿಯಿದೆ. ಅದಕ್ಕೆ ಮಳೆ ಹೊಡೆಯದಂತೆ ಚಾಚಿಕೊಂಡಿರುವ ಸಜ್ಜೆಯ ಅಡಿಯಲ್ಲಿ ಕಳೆದ ವರ್ಷ ಜೂನ್ ತಿಂಗಳಿನಲ್ಲಿ ಕಣಜದ ಗೂಡೊಂದು ಕಾಣಿಸಿಕೊಂಡಿತು. ಮೊದಲ ದಿನ ಅದು ಅಂಗಿಯ ಗುಂಡಿಯಷ್ಟು ದೊಡ್ಡದು. ಅದರ ಮೇಲೆ ನಾಲ್ಕೋ ಐದೋ ಹುಳುಗಳು. ಸೆಪ್ಟೆಂಬರ್ ವೇಳೆಗೆ ಗೂಡು ಅಂಗೈಯಗಲವಾಗಿ ಬೆಳೆದು ಹದಿನೈದು ಇಪ್ಪತ್ತು ಹುಳುಗಳಿಗೆ ಆಶ್ರಯವಾಗಿತ್ತು. ಒರಟಾದ ಬೂದುಗಾಗದದಿಂದ ಮಾಡಿದಂತಿದ್ದ ಆರು ಮೂಲೆಯ ಕೋಣೆಗಳು ಬಾಯಿ ಕೆಳಗಾಗಿ ತೂಗುತ್ತಿದ್ದವು. ಗೂಡಿಗೆ ಹೊದಿಕೆಯೆಂಬುದೇ ಇಲ್ಲದ್ದರಿಂದ ಒಳಗಿನ ವ್ಯಾಪಾರವೆಲ್ಲ ಕಿಟಕಿಯ ಗಾಜಿನ ಈಚೆಯಿಂದ ನಿಚ್ಚಳವಾಗಿ ಕಾಣುತ್ತಿತ್ತು.

"ಕೋಲಿಗೆ ಬಟ್ಟೆ ಸುತ್ತಿ ಸುಟ್ಟುಬಿಡು" ಎಂದರು ಅಮ್ಮ. ಅದು ಅವರು ಹುಟ್ಟಿದ ಊರಿನ ಪದ್ಧತಿ. ಅಷ್ಟರಲ್ಲಿ ಮಹಡಿಯ ಮನೆಯ ಹುಡುಗನ ಚೆಂಡು ಸಜ್ಜೆಗೆ ಬಡಿದು, ಅದನ್ನು ತೆಗೆಯಲು ಬಂದ ಅವನ ಮಣಿಕಟ್ಟಿಗೆ ಒಂದು ಹುಳು ಕುಟುಕಿತು. ಕೈ ಎರಡು ದಿನ ಊದಿಕೊಂಡಿತ್ತು. ಮನೆಯ ಮಾಲಿಕರು ಬಂದು ನೋಡಿ, ಗೂಡನ್ನು ತೆಗೆಸಲೇಬೇಕೆಂದು ಹೇಳಿಹೋದರು. ನಾನು ಒಂದು ತಿಂಗಳ ಅವಕಾಶ ಕೇಳಿದೆ. ಕಿಟಕಿಯ ಬಾಗಿಲನ್ನು ಮುಚ್ಚಿ, ಹಿತ್ತಲ ಆ ಮೂಲೆಗೆ ಮಕ್ಕಳು ಹೋಗದಂತೆ ಹಗ್ಗ ಕಟ್ಟಿ, ಗಾಜಿನ ಈಚೆ ಒಂದು ಕುರ್ಚಿ ಹಾಕಿಕೊಂಡು ಕುಳಿತೆ. ಕುಟುಕಿಸಿಕೊಂಡ ಹುಡುಗನೂ ಮಾರನೆಯ ವಾರದಿಂದ ಇನ್ನೊಂದು ಕುರ್ಚಿ ತಂದ.

ನನ್ನ ವೃತ್ತಿ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವುದು. ಹುಳುಗಳ ವಿಷಯ ನನ್ನ ಅಧಿಕಾರಕ್ಕೆ ಸೇರಿದ್ದಲ್ಲ. ಆದರೂ ಆ ಕಿಟಕಿಯ ಮುಂದೆ ಕಲಿತದ್ದನ್ನು ವಾಚಕರೊಡನೆ ಹಂಚಿಕೊಳ್ಳಲು ಧೈರ್ಯ ಮಾಡಿದ್ದೇನೆ. ಏಕೆಂದರೆ ಕಲಿತದ್ದರ ಬಹುಭಾಗ ನನ್ನ ತಪ್ಪಿನಿಂದ ಕಲಿತದ್ದು. ಆ ತಪ್ಪು ಯಾರಾದರೂ ಮಾಡಬಹುದಾದಂಥದು.

ಕಂಡದ್ದು ಮತ್ತು ಕಲ್ಪಿಸಿದ್ದು

ಪ್ರಾಣಿಯೊಂದು ಮಾಡುವ, ಹೊರಗಿನಿಂದ ನೋಡಬಹುದಾದ ಕ್ರಿಯೆಗಳೆಲ್ಲ ಅದರ ವರ್ತನೆ. ನಡೆಯುವುದು, ಹಾರುವುದು, ಆಹಾರ ತರುವುದು, ಜಗಳವಾಡುವುದು ಮಾತ್ರವಲ್ಲ. ಸುಮ್ಮನೆ ಕುಳಿತಿರುವುದೂ ವರ್ತನೆಯೇ. ವರ್ತನೆಯನ್ನು ಅಭ್ಯಾಸ ಮಾಡುವವನು ಮೊದಲು ಕಲಿಯಬೇಕಾದ ನಿಯಮ ಒಂದಿದೆ: ಕಂಡದ್ದನ್ನು ಒಂದು ಕಡೆ ಬರೆ, ಅದರ ಅರ್ಥವೆಂದು ನಿನಗೆ ತೋರಿದ್ದನ್ನು ಬೇರೊಂದು ಕಡೆ ಬರೆ.

ಈ ನಿಯಮದ ಬೆಲೆಯನ್ನು ತೋರಿಸುವ ದೃಷ್ಟಾಂತ ನಮ್ಮಲ್ಲಿಯೇ ಇದೆ. ಭ್ರಮರ-ಕೀಟ ನ್ಯಾಯವನ್ನು ಕೇಳದವರು ವಿರಳ. ವಚನಗಳಲ್ಲಿ ಬರುವ ಕೀಡಿ-ಕುಂಡಲಿಗಳ ಉಪಮೆಯೂ ಇದೇ. ಕಣಜದ ಜಾತಿಯ ಹುಳುವೊಂದು ಕೀಡೆಯನ್ನು ಹಿಡಿದು ತಂದು ತನ್ನ ಮಣ್ಣಿನ ಗೂಡಿನಲ್ಲಿ ಮುಚ್ಚುತ್ತದೆ. ಕೀಡೆ ಅದನ್ನೇ ಸದಾ ಧ್ಯಾನಿಸುತ್ತ ಕಡೆಗೆ ತಾನೂ ಕಣಜವಾಗಿ ಹೊರಬರುತ್ತದೆ ಎಂಬುದು ನಂಬಿಕೆ. ಇದರಲ್ಲಿ ಕಂಡದ್ದಷ್ಟೂ ನಿಜ. ಕುಂಬಾರ ಹುಳು ಕೀಡೆಯನ್ನು ತರುವುದು ನಿಜ, ಮಣ್ಣಿನಿಂದ ಮುಚ್ಚುವುದು ನಿಜ, ಕೆಲವು ವಾರಗಳ ಮೇಲೆ ಅಲ್ಲಿಂದ ಕುಂಬಾರ ಹುಳುವೇ ಹೊರಬರುವುದೂ ನಿಜ. ನಡುವೆ ನಡೆದದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಗೂಡನ್ನು ಒಡೆದು ನೋಡಿದವರಿಗೆ ತಿಳಿದುದು ಬೇರೆ. ತಾಯಿಹುಳು ಕೀಡೆಯನ್ನು ಕುಟುಕಿ, ಕೊಲ್ಲದೆ, ಅಲುಗಾಡದಂತೆ ಮಾತ್ರ ಮಾಡಿರುತ್ತದೆ. ಅದರ ಜೊತೆಗೆ ತನ್ನದೊಂದು ಮೊಟ್ಟೆಯನ್ನಿಟ್ಟಿರುತ್ತದೆ. ಮೊಟ್ಟೆಯೊಡೆದು ಬಂದ ಮರಿ ಕೆಡದೆ ಉಳಿದ ಆ ಆಹಾರವನ್ನು ತಿಂದು ಬೆಳೆಯುತ್ತದೆ. ಅಧ್ಯಾತ್ಮದ ಉಪಮೆಯಾಗಿ ಆ ನ್ಯಾಯದ ಸೊಗಸು ಎಂದಿಗೂ ಕುಂದದು. ಆದರೆ ಸರಿಯಾದ ವೀಕ್ಷಣೆಗೂ ತಪ್ಪಾದ ತೀರ್ಮಾನಕ್ಕೂ ನಡುವೆ ಎಷ್ಟು ತೆಳುವಾದ ಗೋಡೆಯಿದೆ ಎಂಬುದನ್ನು ಅದು ತೋರಿಸುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದ ವಿದ್ವಾಂಸರೂ ಇಂಥದೇ ಗೋಡೆಗೆ ತಲೆ ತಾಕಿಸಿಕೊಂಡರು. ಗಣಿತದ ಉಪಾಧ್ಯಾಯರೊಬ್ಬರ ಹ್ಯಾನ್ಸ್ ಎಂಬ ಕುದುರೆ, ಕೂಡುವ ಕಳೆಯುವ ಲೆಕ್ಕಗಳಿಗೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಮೋಸವೇನೂ ಇರಲಿಲ್ಲ. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬಾತ ಪರೀಕ್ಷಿಸಿ ನೋಡಿದಾಗ, ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ! ಸರಿಯಾದ ಸಂಖ್ಯೆ ಬಂದೊಡನೆ ಕೇಳಿದವನ ತಲೆಯಲ್ಲಿ, ಮುಖದಲ್ಲಿ ಅವನಿಗೇ ಅರಿಯದೆ ಆಗುತ್ತಿದ್ದ ಸೂಕ್ಷ್ಮ ಚಲನೆಯನ್ನು ಕಂಡು ಹ್ಯಾನ್ಸ್ ಬಡಿಯುವುದನ್ನು ನಿಲ್ಲಿಸುತ್ತಿತ್ತು. ಪ್ರಾಣಿಯ ಕ್ರಿಯೆಯೊಂದನ್ನು ಸರಳವಾದ ಸಾಮರ್ಥ್ಯದಿಂದ ವಿವರಿಸಲು ಸಾಧ್ಯವಿರುವಾಗ ಹೆಚ್ಚಿನ ಬುದ್ಧಿಯನ್ನು ಅದಕ್ಕೆ ಆರೋಪಿಸಬಾರದೆಂದು ಲಾಯ್ಡ್ ಮಾರ್ಗನ್ 1894ರಲ್ಲಿಯೇ ಎಚ್ಚರಿಸಿದ್ದ.

ಹುಟ್ಟಿನಿಂದ ಬಂದದ್ದು, ಕಲಿತು ಬಂದದ್ದು

ವರ್ತನೆ ಎಲ್ಲಿಂದ ಬರುತ್ತದೆ? ಒಂದು ಭಾಗ ಹುಟ್ಟಿನೊಡನೆ ಬರುತ್ತದೆ. ಕಾಡುಬಾತಿನ ಗೂಡಿನಿಂದ ಮೊಟ್ಟೆಯೊಂದು ಹೊರಗುರುಳಿದರೆ ತಾಯಿ ಕತ್ತು ಚಾಚಿ, ಕೊಕ್ಕಿನ ಅಡಿಭಾಗದಿಂದ ಅದನ್ನು ಒಳಕ್ಕೆಳೆದುಕೊಳ್ಳುತ್ತದೆ. ಎಳೆಯುತ್ತಿರುವಾಗಲೇ ಮೊಟ್ಟೆಯನ್ನು ತೆಗೆದುಬಿಟ್ಟರೂ, ಇಲ್ಲದ ಮೊಟ್ಟೆಯನ್ನು ಎಳೆಯುವಂತೆ ಆ ಚಲನೆಯನ್ನು ಕಡೆಯವರೆಗೆ ಪೂರೈಸುತ್ತದೆ. ಲೊರೆನ್ಸ್ ಮತ್ತು ಟಿನ್‌ಬರ್ಜನ್ 1938ರಲ್ಲಿ ಪ್ರಕಟಿಸಿದ ಈ ವೀಕ್ಷಣೆ ಪ್ರಸಿದ್ಧವಾದುದು. ಬಿಲ್ಲಿನಿಂದ ಬಿಟ್ಟ ಬಾಣದಂತೆ, ಒಮ್ಮೆ ಆರಂಭವಾದರೆ ಕೊನೆಗಾಣುವ ಇಂಥ ಕ್ರಿಯೆಗಳನ್ನು ಸ್ಥಿರ ಕ್ರಿಯಾವಿನ್ಯಾಸವೆಂದೂ, ಅದನ್ನು ಹೊರಡಿಸುವ ಗುರುತನ್ನು ಪ್ರಚೋದಕವೆಂದೂ ಕರೆಯುತ್ತಾರೆ.

ಇನ್ನೊಂದು ಭಾಗ ಅನುಭವದಿಂದ ಬರುತ್ತದೆ. ಇದೇ ಟಿನ್‌ಬರ್ಜನ್ ತನ್ನ ಯೌವನದಲ್ಲಿ ಹಾಲೆಂಡಿನ ಮರಳುಗಾಡಿನಲ್ಲಿ, ನೆಲದಲ್ಲಿ ಬಿಲ ತೋಡಿ ಜೇನ್ನೊಣಗಳನ್ನು ತಂದು ತುಂಬುವ ಒಂಟಿಕಣಜವನ್ನು ನೋಡುತ್ತಿದ್ದ. ಬಿಲದ ಸುತ್ತ ಪೈನ್ ಮರದ ಕಾಯಿಗಳನ್ನು ವೃತ್ತಾಕಾರವಾಗಿ ಜೋಡಿಸಿದ. ಹುಳು ಅದನ್ನು ರೂಢಿ ಮಾಡಿಕೊಂಡ ಮೇಲೆ, ಅದು ಬೇಟೆಗೆ ಹೋಗಿದ್ದಾಗ ಕಾಯಿಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಹಾಗೆಯೇ ವೃತ್ತ ಮಾಡಿದ. ಹಿಂತಿರುಗಿದ ಹುಳು ಬಿಲಕ್ಕೆ ಬಾರದೆ ಕಾಯಿಗಳ ವೃತ್ತದ ನಡುವೆ ಇಳಿಯಿತು! ಬಿಲ ತೋಡುವುದನ್ನು ಅದಕ್ಕೆ ಯಾರೂ ಕಲಿಸಿಲ್ಲ. ಆದರೆ ಬಿಲ ಎಲ್ಲಿದೆ ಎಂಬುದನ್ನು ಅದು ತಾನೇ ಕಲಿತುಕೊಳ್ಳಬೇಕಾಗಿದೆ. ಹೀಗೆ ಒಂದೇ ಪುಟ್ಟ ಜೀವಿಯಲ್ಲಿ ಹುಟ್ಟು ಮತ್ತು ಕಲಿಕೆ ಹಾಸು ಹೊಕ್ಕಿನಂತೆ ನೆಯ್ದುಕೊಂಡಿರುತ್ತವೆ.

ನಮ್ಮ ಕಿಟಕಿಯ ಹುಳುಗಳೂ ಇದಕ್ಕೆ ಹೊರತಲ್ಲ. ಅವುಗಳ ಶಾಸ್ತ್ರೀಯ ನಾಮ ರೊಪಾಲಿಡಿಯ ಮಾರ್ಜಿನೇಟ. ಕೆಂಪು ಮಿಶ್ರಿತ ಕಂದುಬಣ್ಣದ ಮೈ, ಹೊಟ್ಟೆಯ ಮೇಲೊಂದು ಹಳದಿಯ ಪಟ್ಟೆ. ದಕ್ಷಿಣ ಭಾರತದಲ್ಲೆಲ್ಲ ಸಾಮಾನ್ಯವಾಗಿ ಕಾಣುವ ಈ ಹುಳು ಸಸ್ಯದ ನಾರನ್ನು ಜಗಿದು ಜೊಲ್ಲಿನೊಡನೆ ಬೆರೆಸಿ ಕಾಗದದ ಗೂಡು ಕಟ್ಟುತ್ತದೆ. ಒಂದು ಗೂಡಿನ ಹುಳು ಬೇರೆ ಗೂಡಿನ ಹುಳುವನ್ನು ಗುರುತಿಸಿ ಓಡಿಸುತ್ತದೆ. ಈ ಗುರುತು ರಕ್ತದಿಂದ ಬಂದದ್ದೋ ಕಲಿತದ್ದೋ? ಕೋಶದಿಂದ ಹೊರಬಂದೊಡನೆಯೇ ಗೂಡಿನಿಂದಲೂ ಸೋದರಿಯರಿಂದಲೂ ಬೇರ್ಪಡಿಸಿ ಬೆಳೆಸಿದ ಹುಳುಗಳು ತಮ್ಮವರು ಯಾರು, ಅನ್ಯರು ಯಾರು ಎಂಬುದನ್ನು ಅರಿಯಲಾರವು ಎಂದು 1988ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಗುರುತು ಗೂಡಿನಲ್ಲಿ ಬೆಳೆದಾಗ ದೊರಕುವಂಥದು. ಹುಟ್ಟಿನಿಂದ ಹೊತ್ತು ತಂದದ್ದಲ್ಲ.

ಒಂದು 'ಏಕೆ'ಯಲ್ಲಿ ನಾಲ್ಕು ಪ್ರಶ್ನೆಗಳು

"ಅದು ನನಗೆ ಏಕೆ ಕುಟುಕಿತು?" ಎಂದು ಹುಡುಗ ಒಂದು ದಿನ ಕೇಳಿದ. ಪ್ರಶ್ನೆ ಒಂದೇ, ಉತ್ತರಗಳು ನಾಲ್ಕು. ಗೂಡು ಅದುರಿದ್ದರಿಂದ ಹುಳುವಿನ ನರಮಂಡಲ ಉದ್ರೇಕಗೊಂಡಿತು ಎನ್ನಬಹುದು: ಇದು ತಕ್ಷಣದ ಕಾರಣ. ಆ ಹುಳು ಮರಿಯಾಗಿದ್ದಾಗಿನಿಂದ ಬೆಳೆದು, ಗೂಡನ್ನು ಕಾಯುವ ವಯಸ್ಸಿಗೆ ಹೇಗೆ ಬಂದಿತೆಂದು ಹೇಳಬಹುದು: ಇದು ಬೆಳವಣಿಗೆಯ ಉತ್ತರ. ಕುಟುಕುವ ಹುಳುಗಳಿರುವ ಗೂಡಿನ ಮರಿಗಳು ಹೆಚ್ಚಾಗಿ ಬದುಕುತ್ತವೆ ಎನ್ನಬಹುದು: ಇದು ಪ್ರಯೋಜನದ ಉತ್ತರ. ಹೆಣ್ಣುಹುಳುವಿನ ಮೊಟ್ಟೆಯಿಡುವ ಕೊಳವೆ ಯುಗಯುಗಗಳಲ್ಲಿ ಮಾರ್ಪಟ್ಟು ಕೊಂಡಿಯಾಯಿತು, ಆದ್ದರಿಂದಲೇ ಗಂಡುಹುಳು ಕುಟುಕಲಾರದು ಎನ್ನಬಹುದು: ಇದು ವಿಕಾಸದ ಉತ್ತರ.

ಟಿನ್‌ಬರ್ಜನ್ 1963ರಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಬಿಡಿಸಿಟ್ಟ. ಒಂದಕ್ಕೆ ಉತ್ತರ ಸಿಕ್ಕಿತೆಂದು ಇನ್ನೊಂದು ಸುಳ್ಳಾಗುವುದಿಲ್ಲ. ನಾಲ್ಕೂ ಸಿಕ್ಕಿದಾಗ ತಿಳಿವಳಿಕೆ ಪೂರ್ಣವಾಗುತ್ತದೆ. ಅವನಿಗೂ, ಲೊರೆನ್ಸ್‌ಗೂ, ಜೇನಿನ ನೃತ್ಯದ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಷ್‌ಗೂ 1973ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು. ಹುಡುಗ ನಾಲ್ಕು ಉತ್ತರಗಳನ್ನೂ ಕೇಳಿ, "ಹಾಗಾದರೆ ಅದಕ್ಕೆ ನನ್ನ ಮೇಲೆ ಕೋಪವಿರಲಿಲ್ಲವೆ?" ಎಂದ. ಕೋಪವಿತ್ತೋ ಇಲ್ಲವೋ ನಾವು ಕಾಣಲಾರೆವು, ಕುಟುಕಿದ್ದನ್ನು ಮಾತ್ರ ಕಂಡೆವು ಎಂದೆ. ಅವನಿಗೆ ಸ್ವಲ್ಪ ನಿರಾಶೆಯಾಯಿತೆಂದು ತೋರುತ್ತದೆ.

ನನ್ನ ತಪ್ಪು

ಇಷ್ಟೆಲ್ಲ ಉಪದೇಶ ಮಾಡಿದ ನಾನು ನನ್ನ ಟಿಪ್ಪಣಿಪುಸ್ತಕದಲ್ಲಿ ಮಾಡಿದ್ದೇನು? ಗೂಡಿನಲ್ಲಿ ಒಂದು ಹುಳು ಉಳಿದವುಗಳನ್ನು ಸದಾ ಅಟ್ಟುತ್ತ, ಕಚ್ಚುತ್ತ, ಮೇಲೆ ಹತ್ತುತ್ತ ಇತ್ತು. ಅದು ಬಂದರೆ ಬೇರೆಯವು ಮೈ ಕುಗ್ಗಿಸುತ್ತಿದ್ದವು. ನಾನು ಅದರ ಮುಂದೆ 'ರಾಣಿ' ಎಂದು ಬರೆದೆ. ಬಲರೆಕ್ಕೆಯ ತುದಿ ಹರಿದಿದ್ದ ಇನ್ನೊಂದು ಹುಳು ಗೂಡಿನ ಮಧ್ಯದಲ್ಲಿ ಕುಳಿತುಬಿಟ್ಟಿತ್ತು. ಆಹಾರ ತರಲಿಲ್ಲ, ಜಗಳಕ್ಕೆ ಹೋಗಲಿಲ್ಲ, ಗಂಟೆಗಟ್ಟಲೆ ಮಿಸುಕಲಿಲ್ಲ. ಅದರ ಮುಂದೆ 'ಸೋಮಾರಿ' ಎಂದು ಬರೆದೆ.

ಒಂದು ಭಾನುವಾರ ಬೆಳಗ್ಗೆ ಹುಡುಗ ಕೂಗಿದ: "ಅಂಕಲ್, ನಿಮ್ಮ ಸೋಮಾರಿ ಕೋಣೆಯೊಳಗೆ ಹಿಂದುಮುಂದಾಗಿ ಕೂತಿದೆ!" ಓಡಿಬಂದು ನೋಡಿದೆ. ಹರಿದ ರೆಕ್ಕೆಯ ಹುಳು ಖಾಲಿಯಾದ ಕೋಣೆಯೊಂದರೊಳಕ್ಕೆ ಹೊಟ್ಟೆಯ ತುದಿಯನ್ನು ಇಳಿಬಿಟ್ಟು ನಿಶ್ಚಲವಾಗಿ ನಿಂತಿತ್ತು. ಅದು ಮೇಲೆದ್ದಾಗ ಕೋಣೆಯ ಗೋಡೆಗೆ ಅಂಟಿದ್ದ ಬಿಳಿಯ ಚುಕ್ಕೆಯೊಂದು ದುರ್ಬೀನಿನಲ್ಲಿ ಕಾಣಿಸಿತು. ಮೊಟ್ಟೆ! ಗೂಡಿಗೆಲ್ಲ ಮೊಟ್ಟೆಯಿಡುವವಳು ಯಾರೋ ಅವಳೇ ರಾಣಿ. ನಾನು ಯಾರನ್ನು ಸೋಮಾರಿಯೆಂದೆನೋ ಅವಳೇ ಗೂಡಿನ ತಾಯಿಯಾಗಿದ್ದಳು.

ಈ ವಿಷಯವನ್ನು ಅಮ್ಮನಿಗೆ ಹೇಳಿದಾಗ ಅವರು ಅಡಿಗೆಮನೆಯಿಂದಲೇ, "ಮನೆಯ ಯಜಮಾನಿಯಾದವಳು ಕೂಗಾಡಬೇಕೆಂದಿದೆಯೇನು? ಅವಳು ಇದ್ದರೆ ಸಾಕು, ಎಲ್ಲರಿಗೂ ಗೊತ್ತಿರುತ್ತದೆ" ಎಂದರು. ಮಾತು ಚೆನ್ನಾಗಿದೆ. ಆದರೆ ಮನೆಯ ಉಪಮೆಯನ್ನು ಗೂಡಿಗೆ ಹೊಂದಿಸುವ ಮುನ್ನ ಅಳೆದು ನೋಡಬೇಕು. ಹಾಗೆ ಅಳೆದು ನೋಡಿದವರು ನಮ್ಮ ಮನೆಯಿಂದ ನಾಲ್ಕೈದು ಕಿಲೋಮೀಟರು ದೂರದಲ್ಲಿಯೇ ಇದ್ದರು.

ಅಳತೆಗೆ ಸಿಕ್ಕಿದ ಗೂಡು

ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಎಂಬ ವಿಜ್ಞಾನಿ ಈ ಹುಳುವಿನ ಅಧ್ಯಯನಕ್ಕೆ ನಾಲ್ಕು ದಶಕಗಳನ್ನು ಮೀಸಲಿಟ್ಟರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಓದಿ, 1979ರಲ್ಲಿ ಅಣುಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಅವರಿಗೆ ಕಣಜಗಳನ್ನು ನೋಡುವುದು ಮೊದಲು ಬಿಡುವಿನ ಹವ್ಯಾಸವಾಗಿತ್ತು. ಅನಂತರ ಅದೇ ಜೀವನದ ಕೆಲಸವಾಯಿತು.

1983ರಲ್ಲಿ ಅವರೂ ಎನ್. ವಿ. ಜೋಶಿಯವರೂ ಪ್ರಕಟಿಸಿದ ಲೇಖನದ ವಿಧಾನ ನನ್ನಂಥ ಭೌತವಿಜ್ಞಾನದವನ ಮನಸ್ಸಿಗೆ ಒಪ್ಪುವಂಥದು. ಮೊದಲು ಪ್ರತಿಯೊಂದು ಹುಳುವಿನ ಮೈಮೇಲೆ ಬೇಗ ಒಣಗುವ ಬಣ್ಣದ ಚುಕ್ಕೆಯಿಟ್ಟು ಗುರುತು ಮಾಡಿದರು. ಬಳಿಕ ತಮಗೆ ಕುತೂಹಲವೆನಿಸಿದ ಹುಳುವನ್ನಲ್ಲ, ಎಲ್ಲ ಹುಳುಗಳನ್ನೂ ಸಮನಾಗಿ, ನಿಯಮಬದ್ಧವಾಗಿ ನೋಡಿ, ಪ್ರತಿಯೊಂದೂ ತನ್ನ ಹೊತ್ತನ್ನು ಯಾವ ಯಾವ ಕೆಲಸದಲ್ಲಿ ಕಳೆಯುತ್ತದೆ ಎಂಬ ಲೆಕ್ಕವನ್ನು ಬರೆದರು. ಇದನ್ನು ಕಾಲದ ಆಯವ್ಯಯ ಪಟ್ಟಿಯೆನ್ನಬಹುದು. ಕುಳಿತಿರುವುದಕ್ಕೆ ಇಷ್ಟು, ಮೀಸೆಗಳನ್ನೆತ್ತಿ ಕುಳಿತಿರುವುದಕ್ಕೆ ಇಷ್ಟು, ನಡೆಯುವುದಕ್ಕೆ ಇಷ್ಟು, ಗೂಡಿನಿಂದ ಹೊರಗಿರುವುದಕ್ಕೆ ಇಷ್ಟು. ಈ ಅಂಕಿಗಳನ್ನು ಸಂಖ್ಯಾಶಾಸ್ತ್ರದ ಒರೆಗೆ ಹಚ್ಚಿದಾಗ ಹುಳುಗಳು ತಾವಾಗಿಯೇ ಮೂರು ಗುಂಪುಗಳಾಗಿ ಬೇರ್ಪಟ್ಟವು: ಕುಳಿತಿರುವವು, ಕಾದಾಡುವವು, ಆಹಾರ ತರುವವು. ರಾಣಿ ಇದ್ದುದು ಕುಳಿತಿರುವವುಗಳ ಗುಂಪಿನಲ್ಲಿ! ಇದರ ಹತ್ತಿರದ ಸಂಬಂಧಿಯಾದ ರೊಪಾಲಿಡಿಯ ಸಯಾಥಿಫಾರ್ಮಿಸ್ ಎಂಬ ಜಾತಿಯಲ್ಲಿ ಹಾಗಲ್ಲ. ಅಲ್ಲಿ ರಾಣಿ ಕಾದಾಡುವ ಗುಂಪಿಗೆ ಸೇರಿದವಳು. ನನ್ನ ಊಹೆ ಒಂದು ಜಾತಿಗೆ ಸಲ್ಲುತ್ತಿತ್ತು. ನನ್ನ ಕಿಟಕಿಯ ಜಾತಿಗೆ ಸಲ್ಲಲಿಲ್ಲ.

ಹಾಗಾದರೆ ಆ ಜಗಳಗಂಟಿಯ ಕೆಲಸವೇನು? ಮುಂದಿನ ವರ್ಷಗಳ ಅಧ್ಯಯನಗಳಿಂದ ತಿಳಿದುಬಂದಂತೆ, ಈ ಜಾತಿಯ ರಾಣಿ ಯಾರಿಗೂ ಕೆಲಸ ಹಂಚುವುದಿಲ್ಲ. ಅವಳನ್ನು ತೆಗೆದರೂ ಆಹಾರ ತರುವವು ತರುತ್ತಲೇ ಇರುತ್ತವೆ. ಗೂಡಿನಲ್ಲಿರುವ ಕೆಲಸಗಾರ್ತಿಯರು ಹೊರಗೆ ಹೋಗಿಬರುವವರನ್ನು ಕೆಣಕುವುದು ಮರಿಗಳ ಹಸಿವನ್ನು ತಿಳಿಸುವ ಒಂದು ಸುದ್ದಿಯೆಂದು ತೋರಿಬಂದಿದೆ. ಆದ್ದರಿಂದ 'ರಾಣಿ' ಎಂಬ ಪದವನ್ನೂ ನಾವು ಎಚ್ಚರಿಕೆಯಿಂದಲೇ ಬಳಸಬೇಕು. ಅವಳು ಆಳುವವಳಲ್ಲ, ಮೊಟ್ಟೆಯಿಡುವವಳು, ಅಷ್ಟೇ. ತಾನಿರುವುದನ್ನು ಅವಳು ತಿಳಿಸುವುದು ಬಲಪ್ರಯೋಗದಿಂದಲ್ಲ, ರಾಸಾಯನಿಕದಿಂದ. ಹೊಟ್ಟೆಯ ತುದಿಯಲ್ಲಿರುವ ಡ್ಯೂಫೋರ್ ಗ್ರಂಥಿಯೆಂಬ ಪುಟ್ಟ ಅಂಗದ ಸ್ರಾವವನ್ನು ಗೂಡಿನ ಮೈಗೆ ಸವರುತ್ತ ಓಡಾಡುತ್ತಾಳೆ. ಅಮ್ಮನ ಮಾತಿನಲ್ಲಿ 'ಅವಳು ಇದ್ದರೆ ಸಾಕು' ಎಂಬ ಭಾಗವನ್ನು ವಿಜ್ಞಾನ ಒಪ್ಪಿದಂತಾಯಿತು. 'ಯಜಮಾನಿ' ಎಂಬುದನ್ನು ಒಪ್ಪಲಿಲ್ಲ.

ಗುಪ್ತ ಉತ್ತರಾಧಿಕಾರಿ

ರಾಣಿಯನ್ನು ಗೂಡಿನಿಂದ ತೆಗೆದರೆ ವಿಚಿತ್ರವೊಂದು ನಡೆಯುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಕೆಲಸಗಾರ್ತಿಯರಲ್ಲಿ ಒಬ್ಬಳು ಇದ್ದಕ್ಕಿದ್ದಂತೆ ಅತ್ಯುಗ್ರಳಾಗಿ ಎಲ್ಲರ ಮೇಲೂ ಏರಿಹೋಗುತ್ತಾಳೆ. ರಾಣಿಯನ್ನು ಮರಳಿ ತಂದುಬಿಟ್ಟರೆ ಶಾಂತಳಾಗುತ್ತಾಳೆ. ತಾರದಿದ್ದರೆ ಅವಳ ಉಗ್ರತೆ ದಿನೇ ದಿನೇ ಇಳಿದು, ಸುಮಾರು ಒಂದು ವಾರದಲ್ಲಿ ಮೊಟ್ಟೆಯಿಡಲಾರಂಭಿಸಿ, ತಾನೂ ಸೌಮ್ಯಳಾದ ರಾಣಿಯಾಗುತ್ತಾಳೆ. ಆದರೆ ಆ ಉತ್ತರಾಧಿಕಾರಿ ಯಾರಾದಾಳು ಎಂಬುದನ್ನು ಮುಂಚಿತವಾಗಿ ಹೇಳಲು ಸಂಶೋಧಕರಿಗೆ ಸಾಧ್ಯವಾಗಲಿಲ್ಲ. ಅವಳ ಗಾತ್ರದಲ್ಲಾಗಲಿ ನಡತೆಯಲ್ಲಾಗಲಿ ಬೇರೆಯವರಿಂದ ಅವಳನ್ನು ಪ್ರತ್ಯೇಕಿಸುವ ಗುರುತು ಯಾವುದೂ ಸಿಗಲಿಲ್ಲ.

ನಮಗೆ ತಿಳಿಯದಿದ್ದರೂ ಹುಳುಗಳಿಗೆ ತಿಳಿದಿರಬಹುದಲ್ಲವೆ? ಹುಳುವನ್ನು ಬಾಯಿ ಬಿಟ್ಟು ಕೇಳುವಂತಿಲ್ಲ. ಅನಿಂದಿತಾ ಭದ್ರಾ ಮತ್ತು ಗದಗ್‌ಕರ್ ಅವರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೊಂದು ಉಪಾಯ. ಗೂಡನ್ನು ಎರಡು ಹೋಳು ಮಾಡಿ, ನಡುವೆ ತಂತಿಯ ಜಾಲರಿಯನ್ನಿಟ್ಟು, ಹುಳುಗಳನ್ನು ಎರಡು ಕಡೆಗೂ ಹಂಚಿದರು. ರಾಣಿಯಿಲ್ಲದ ಹೋಳಿನಲ್ಲಿ ಒಬ್ಬಳು ಉಗ್ರಳಾದಳು. ಇವಳು ಇಡೀ ಗೂಡಿನ ನಿಜವಾದ ಉತ್ತರಾಧಿಕಾರಿಯೋ, ಅಥವಾ ಆ ಹೋಳಿನಲ್ಲಿ ಸಿಕ್ಕಿದವರಲ್ಲಿ ಮುಂದಿನವಳೋ? ರಾಣಿಯ ಸ್ಥಾನವನ್ನು ಬದಲಿಸಿ, ಇವಳನ್ನು ಇನ್ನೊಂದು ಹೋಳಿನ ಹುಳುಗಳ ಎದುರಿಗೆ ತಂದು ನಿಲ್ಲಿಸಿದರು. ಕೆಲವು ಗೂಡುಗಳಲ್ಲಿ ಅಲ್ಲಿಯವರೂ ಇವಳನ್ನೇ ಒಪ್ಪಿಕೊಂಡರು. ಬೇರೆ ಗೂಡುಗಳಲ್ಲಿ ಅಲ್ಲಿ ಅವಿತಿದ್ದ ಇನ್ನೊಬ್ಬಳು ಮುಂದೆ ಬಂದಳು. ಮೊದಲಿನವಳು ಕಾದಾಟವಿಲ್ಲದೆ ಹಿಂದೆ ಸರಿದಳು. ಎರಡು ಸಂದರ್ಭಗಳಲ್ಲಿಯೂ ನಿಜವಾದ ಉತ್ತರಾಧಿಕಾರಿಗೆ ಯಾರೊಬ್ಬರೂ ಎದುರಾಡಲಿಲ್ಲ. ನೋಡುವವರಿಗೆ ಗೊತ್ತಿಲ್ಲದ ಸಂಗತಿ ಹುಳುಗಳಿಗೆ 'ಗೊತ್ತಿದೆ'. ಈ ಪದಕ್ಕೆ ಸಂಶೋಧಕರೇ ಉದ್ಧರಣ ಚಿಹ್ನೆ ಹಾಕಿದ್ದಾರೆ. ಏಕೆಂದರೆ ಅವರು ಕಂಡದ್ದು ಹುಳುಗಳ ನಡತೆಯನ್ನೇ ಹೊರತು ಮನಸ್ಸನ್ನಲ್ಲ. ಅಡಿಯಿಟ್ಟಲ್ಲೆಲ್ಲ ಈ ಎಚ್ಚರವಿರಬೇಕು.

ಪರರ ಮಕ್ಕಳಿಗಾಗಿ ದುಡಿಯುವುದೇಕೆ?

ಕಡೆಯದಾಗಿ ಒಂದು ದೊಡ್ಡ ಪ್ರಶ್ನೆ. ಈ ಜಾತಿಯ ಹೆಣ್ಣುಹುಳುಗಳು ಹುಟ್ಟಿನಿಂದ ಬಂಜೆಯರಲ್ಲ. ಬೇರೆ ಹೋಗಿ ತಮ್ಮದೇ ಗೂಡು ಕಟ್ಟಿ ಮೊಟ್ಟೆಯಿಡಬಲ್ಲವು, ಕೆಲವು ಹಾಗೆ ಮಾಡುವುದೂ ಉಂಟು. ಆದರೂ ಹೆಚ್ಚಿನವು ರಾಣಿಯ ಮರಿಗಳಿಗೆ ಉಣಿಸುತ್ತಲೇ ಸಾಯುತ್ತವೆ. ತನ್ನ ಸಂತತಿಯನ್ನು ಬಿಡದ ಜೀವಿಯ ಗುಣ ಮುಂದಿನ ತಲೆಮಾರಿಗೆ ಇಳಿಯುವುದಾದರೂ ಹೇಗೆ?

1964ರಲ್ಲಿ ಇಂಗ್ಲೆಂಡಿನ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಇದಕ್ಕೆ ಗಣಿತದ ಉತ್ತರ ಕೊಟ್ಟ. ಬಂಧುಗಳಲ್ಲಿ ನಮ್ಮ ಜೀನುಗಳದೇ ಪ್ರತಿಗಳಿರುತ್ತವೆ. ಆದ್ದರಿಂದ ಬಂಧುವಿಗೆ ಆಗುವ ಲಾಭವನ್ನು ಬಂಧುತ್ವದ ಭಿನ್ನರಾಶಿಯಿಂದ ಗುಣಿಸಿದಾಗ ಬರುವ ಮೊತ್ತ ತನಗಾಗುವ ನಷ್ಟಕ್ಕಿಂತ ಹೆಚ್ಚಾದರೆ ತ್ಯಾಗದ ಗುಣ ಉಳಿಯುತ್ತದೆ. ಕಣಜ, ಜೇನು, ಇರುವೆಗಳಲ್ಲಿ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಅದಕ್ಕೆ ವರ್ಣತಂತುಗಳ ಒಂದೇ ಜೋಡಣೆ. ಅದರ ಹೆಣ್ಣುಮಕ್ಕಳಿಗೆಲ್ಲ ತಂದೆಯಿಂದ ಬರುವ ಅರ್ಧ ಒಂದೇ ತೆರನಾದುದು. ತಾಯಿಯಿಂದ ಬರುವ ಅರ್ಧದಲ್ಲಿ ಸರಾಸರಿ ಅರ್ಧ ಹೊಂದುತ್ತದೆ. ಅರ್ಧವೂ ಕಾಲೂ ಕೂಡಿದರೆ ಮುಕ್ಕಾಲು. ಹೀಗೆ ಸೋದರಿಯರ ಬಂಧುತ್ವ ಮುಕ್ಕಾಲು; ತಾಯಿ ಮಗಳ ಬಂಧುತ್ವ ಅರ್ಧ. ಮಗಳಿಗಿಂತ ತಂಗಿಯನ್ನು ಸಾಕುವುದೇ ಲಾಭವೆಂದಾಯಿತು!

ಲೆಕ್ಕ ಸೊಗಸಾಗಿದೆ. ಆದರೆ ಬೆಂಗಳೂರಿನ ಗೂಡುಗಳು ಅದಕ್ಕೆ ಅಷ್ಟು ಸುಲಭವಾಗಿ ಬಗ್ಗಲಿಲ್ಲ. ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುತ್ತಾಳೆ. ಒಬ್ಬಳ ತರುವಾಯ ಇನ್ನೊಬ್ಬಳಂತೆ ರಾಣಿಯರು ಬದಲಾಗುತ್ತಲೂ ಇರುತ್ತಾರೆ. ಆದ್ದರಿಂದ ಕೆಲಸಗಾರ್ತಿ ಸಾಕುವ ಮರಿಗಳೆಲ್ಲ ಒಡಹುಟ್ಟಿದವರಲ್ಲ. ಬಂಧುತ್ವ ಮುಕ್ಕಾಲಿಗಿಂತ ಬಹಳ ಕೆಳಗಿಳಿಯುತ್ತದೆ. ಹಾಗಿರುವಾಗ ಹ್ಯಾಮಿಲ್ಟನ್ನನ ಲೆಕ್ಕದ ಇನ್ನೊಂದು ಭಾಗವನ್ನು, ಎಂದರೆ ಲಾಭ ನಷ್ಟಗಳನ್ನು, ನೋಡಬೇಕೆಂದು ಗದಗ್‌ಕರ್ ವಾದಿಸಿದರು. ಮೊಟ್ಟೆಯೊಂದು ಬೆಳೆದು ಹುಳುವಾಗಲು ಸುಮಾರು ಎರಡು ತಿಂಗಳು ಬೇಕು. ಒಂಟಿಯಾಗಿ ಗೂಡು ಕಟ್ಟಿದವಳು ಅಷ್ಟು ಕಾಲ ತಾನೇ ಬದುಕಿರಬೇಕು. ಮಧ್ಯದಲ್ಲಿ ಸತ್ತರೆ ಅವಳ ಶ್ರಮವೆಲ್ಲ ಮಣ್ಣುಪಾಲು. ಗುಂಪಿನಲ್ಲಿ ದುಡಿದವಳು ನಡುವೆ ಸತ್ತರೂ ಅವಳು ಅರ್ಧ ಬೆಳೆಸಿದ ಮರಿಯನ್ನು ಇನ್ನೊಬ್ಬಳು ದಡ ಮುಟ್ಟಿಸುತ್ತಾಳೆ; ಮಾಡಿದಷ್ಟು ಕೆಲಸಕ್ಕೆ ಫಲ ಖಂಡಿತ. ಕೂಡಿ ಬಾಳುವುದು ವಾತ್ಸಲ್ಯದ ಲೆಕ್ಕ ಮಾತ್ರವಲ್ಲ, ಆಯುಷ್ಯದ ಲೆಕ್ಕವೂ ಹೌದು.

ಗೂಡು ಬರಿದಾದದ್ದು

ಮಾಲಿಕರು ಕೊಟ್ಟ ಒಂದು ತಿಂಗಳು ನವೆಂಬರ್ ಮೊದಲ ವಾರದಲ್ಲಿ ಮುಗಿಯುವುದರಲ್ಲಿತ್ತು. ಇನ್ನೂ ಕೆಲವು ದಿನ ಕೇಳೋಣವೆಂದು ನಾನಿದ್ದೆ. ಕೇಳುವ ಪ್ರಸಂಗವೇ ಬರಲಿಲ್ಲ. ಒಂದು ಬೆಳಗ್ಗೆ ವೆಸ್ಪ ಟ್ರಾಪಿಕ ಎಂಬ ಭಾರಿ ಕಣಜವೊಂದು ಗೂಡಿಗೆ ಬಂದೆರಗಿತು. ಹೊಟ್ಟೆಯ ಮೇಲೆ ಅಗಲವಾದ ಹಳದಿ ಪಟ್ಟೆಯಿದ್ದ ಅದು ನಮ್ಮ ಹುಳುಗಳಿಗಿಂತ ಎರಡರಷ್ಟು ದೊಡ್ಡದು. ಈ ಜಾತಿಯ ಗೂಡುಗಳಿಗೆ ಅದು ಪ್ರಬಲ ಶತ್ರು. ನಮ್ಮ ಹುಳುಗಳು ಕಾದಾಡದೆ ಹಾರಿಹೋಗಿ ಗೋಡೆಯ ಮೇಲೆ ಗುಂಪಾಗಿ ಕುಳಿತವು. ದೊಡ್ಡ ಕಣಜ ಕೋಣೆಯಿಂದ ಕೋಣೆಗೆ ಹೋಗಿ ಮರಿಗಳನ್ನು ಒಂದೊಂದಾಗಿ ಎಳೆದುಕೊಂಡು ಹೋಯಿತು. ಸಂಜೆಯವರೆಗೆ ಮತ್ತೆ ಮತ್ತೆ ಬಂದಿತು. ಹುಡುಗ ಗಾಜನ್ನು ಬಡಿದು ಓಡಿಸಲು ನೋಡಿದ. ನಾನು ಅವನ ಕೈ ಹಿಡಿದುಕೊಂಡೆ. ಅದೂ ತನ್ನ ಮರಿಗಳಿಗೇ ಒಯ್ಯುತ್ತಿದೆ ಎಂದು ಹೇಳಿದೆ. ಮಾತು ಸರಿಯಾದದ್ದೇ, ಆದರೆ ಆ ಹೊತ್ತಿಗೆ ನನಗೂ ಅದರಿಂದ ಸಮಾಧಾನವಾಗಲಿಲ್ಲ.

ಗೋಡೆಯ ಮೇಲಿನ ಗುಂಪು ಮೂರು ದಿನ ಅಲ್ಲಿಯೇ ಇತ್ತು. ಹರಿದ ರೆಕ್ಕೆಯವಳೂ ಅದರಲ್ಲಿದ್ದಳು. ನಾಲ್ಕನೆಯ ದಿನ ಯಾರೂ ಇರಲಿಲ್ಲ.

ಗೂಡಿನ ಬಳಿ ಹೋಗಬಯಸುವ ವಾಚಕರಿಗೆ ಒಂದು ಮಾತು. ಕಣಜಗಳನ್ನು ದೂರದಿಂದ, ಸಾಧ್ಯವಾದರೆ ಗಾಜಿನ ಈಚೆಯಿಂದ ನೋಡಬೇಕು, ಗೂಡನ್ನು ಅಲುಗಿಸಕೂಡದು. ಕುಟುಕಿದ ಬಳಿಕ ಮುಖ ಊದಿಕೊಂಡರೆ, ಮೈಯೆಲ್ಲ ದದ್ದು ಎದ್ದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಓಡಾಡುವ ದಾರಿಯಲ್ಲಿಯೇ ಗೂಡಿದ್ದರೆ ತಿಳಿದವರಿಂದ ತೆಗೆಸುವುದೇ ವಿವೇಕ. ಹಾಗಿಲ್ಲದಿದ್ದರೆ ಅದಕ್ಕೊಂದು ಋತುವಿನ ಅವಕಾಶ ಕೊಡಬಹುದು. ಈ ವಿದ್ಯೆಗೆ ದೊಡ್ಡ ಪ್ರಯೋಗಶಾಲೆ ಬೇಡ. ವಿಜಯನಗರದ ಬಾಲ್ಕನಿಯಾದರೂ ಆದೀತು, ಕೆಂಗೇರಿಯ ಕಡೆಯ ತೋಟದ ಮನೆಯಾದರೂ ಆದೀತು. ಬೇಕಾದದ್ದು ಒಂದು ಪುಸ್ತಕ, ಒಂದು ಗಡಿಯಾರ, ಮತ್ತು ತಾಳ್ಮೆ.

ಬರಿದಾದ ಗೂಡು ಈಗ ನನ್ನ ಮೇಜಿನ ಮೇಲಿದೆ. ಅದರ ಪಕ್ಕದಲ್ಲಿಯೇ ಟಿಪ್ಪಣಿಪುಸ್ತಕವೂ ಇದೆ. ಅದರ ಹನ್ನೊಂದನೆಯ ಪುಟದಲ್ಲಿ ನನ್ನ ಕೈಬರಹದ 'ಸೋಮಾರಿ' ಎಂಬ ಪದವನ್ನು ಹೊಡೆದುಹಾಕಿ, ಮೇಲೆ ಮಹಡಿಯ ಮನೆಯ ಹುಡುಗ ತನ್ನ ದಪ್ಪಕ್ಷರಗಳಲ್ಲಿ 'ಮೊಟ್ಟೆ ಇಟ್ಟಳು, 9 ಗಂಟೆ 20 ನಿಮಿಷ' ಎಂದು ಬರೆದಿದ್ದಾನೆ. ಅವನು 'ರಾಣಿ' ಎಂದು ಸಹ ಬರೆಯಲಿಲ್ಲ, ಕಂಡದ್ದನ್ನಷ್ಟೇ ಬರೆದ. ಆ ಪುಸ್ತಕದಲ್ಲಿ ವಿಜ್ಞಾನವೆಂದು ಕರೆಯಬಹುದಾದ ಸಾಲು ಅದೊಂದೇ ಎಂದು ನನಗೆ ಅನಿಸುತ್ತದೆ.